ಬಂದರಿನ ಪಂಚಾಂಗದಲ್ಲಿ ಮಲ್ಪೆ

ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಹೊಳೆಯು ಕಡಲನ್ನು ಕೂಡುವ ಅಳಿವೆಯ ಆಸರೆಯಲ್ಲಿ ಬೆಳೆದ ಮಲ್ಪೆಯನ್ನು ರಜೆಗೆಂದು ಬರುವವರಲ್ಲಿ ಹೆಚ್ಚಿನವರು ಮರಳ ದಂಡೆ ಮತ್ತು ಒಂದು ದ್ವೀಪದ ಊರೆಂದಷ್ಟೇ ತಿಳಿದು, ಅರ್ಧ ದಿನದಲ್ಲಿ ನೋಡಿ ಮುಗಿಸುತ್ತಾರೆ. ಆದರೆ ಊರಿನ ಬದುಕು ನಡೆಯುವುದು ದಂಡೆಯ ದಕ್ಷಿಣಕ್ಕಿರುವ ಬಂದರಿನಲ್ಲಿ. ಆ ಬಂದರಿನ ಪಂಚಾಂಗವನ್ನು ಅರಿತು ಬಂದವರಿಗೆ ದಂಡೆಯೂ ದ್ವೀಪವೂ ಬೇರೆಯೇ ಅರ್ಥದಲ್ಲಿ ಕಾಣತೊಡಗುತ್ತವೆ.

ಮಲ್ಪೆಯ ಹಳಮೆಗೆ ಮೊದಲ ಸಾಕ್ಷಿ ದಂಡೆಗೆ ತಾಗಿರುವ ವಡಭಾಂಡೇಶ್ವರದ ಬಲರಾಮ ದೇವಸ್ಥಾನ. 13ನೇ ಶತಮಾನದಲ್ಲಿ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಇಲ್ಲಿ ಬಿರುಗಾಳಿಗೆ ಸಿಲುಕಿದಾಗ ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರೆಂದೂ, ನಾವಿಕರು ಕಾಣಿಕೆಯಾಗಿ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ದೊರೆತ ಕೃಷ್ಣನೇ ಉಡುಪಿಯಲ್ಲಿ ಪ್ರತಿಷ್ಠಿತನಾದನೆಂದೂ ಸಂಪ್ರದಾಯ ಹೇಳುತ್ತದೆ. ಕಡಲನ್ನೇ ನಂಬಿದ ಮೊಗವೀರರು ಆರಾಧಿಸುವ ಬಬ್ಬರ್ಯ ದೈವವು ಮುಸ್ಲಿಂ ವ್ಯಾಪಾರಿಯೊಬ್ಬನ ಮಗನೆಂದು ಪಾಡ್ದನಗಳು, ಅಂದರೆ ತುಳುವಿನ ಮೌಖಿಕ ಕಥನಗೀತೆಗಳು, ಬಣ್ಣಿಸುತ್ತವೆ. ಇವೆರಡೂ ಕಥನಗಳ ಹಿಂದೆ ದೂರದ ತೀರಗಳೊಡನೆ ಈ ಕರಾವಳಿಗಿದ್ದ ಹಡಗುವ್ಯಾಪಾರದ ನೆನಪು ಉಳಿದಿದೆ ಎಂದು ಭಾವಿಸುವುದು ಅಸಂಗತವಲ್ಲ.

ಊರಿನೆದುರು ಕಡಲಲ್ಲಿ ಹರಡಿಕೊಂಡಿರುವ ಸೇಂಟ್ ಮೇರಿಸ್ ದ್ವೀಪಗಳಿಗೆ ಆ ಹೆಸರು 1498ರಲ್ಲಿ ಬಂದ ವಾಸ್ಕೋ ಡ ಗಾಮನಿಂದ ದೊರೆಯಿತೆಂಬುದು ಪ್ರಚಲಿತ ಅಭಿಪ್ರಾಯ. ಬಂದರಿಗೆ ಹತ್ತಿರವಿರುವ ದರಿಯಾ ಬಹದ್ದೂರ್‌ಗಡದಲ್ಲಿ ಬಿದನೂರಿನ ಅರಸ ಬಸಪ್ಪನಾಯಕನು ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಆದರೆ ಸೇಂಟ್ ಮೇರಿಸ್ ದ್ವೀಪಗಳ ನಿಜವಾದ ಚರಿತ್ರೆ ಇದಕ್ಕಿಂತ ಬಹಳ ಹಿಂದಿನದು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹೊರಚೆಲ್ಲಿದ ಲಾವಾ ತಣಿಯುತ್ತಾ ಕುಗ್ಗಿದಾಗ ಅದರ ಮೈಯಲ್ಲಿ ಮೂಡಿದ ಬಿರುಕುಗಳು ಒಳಕ್ಕೆ ಇಳಿಯುತ್ತಾ ಹೋಗಿ, ಕಲ್ಲು ಐದು, ಆರು, ಏಳು ಮುಖಗಳ ಕಂಬಗಳಾಗಿ ಸೀಳಿಕೊಂಡಿತು. ಇವನ್ನು ಸ್ತಂಭಾಕಾರದ ಲಾವಾ ಎಂದು ಕರೆಯುತ್ತಾರೆ. ದಖ್ಖನ್ ಪ್ರಸ್ಥಭೂಮಿಯ ಕಪ್ಪುಶಿಲೆಗಿಂತಲೂ ಎರಡು ಕೋಟಿಗೂ ಹೆಚ್ಚು ವರ್ಷ ಹಳೆಯದಾದ ಈ ರಚನೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದ್ದು, ಖಂಡಗಳೇ ಕದಲಿದ ಕಾಲದ ಕುರುಹನ್ನು ಕೈಯಿಂದ ಮುಟ್ಟಿ ನೋಡಬಹುದಾದ ಇಂತಹ ಜಾಗವನ್ನು ಕೇವಲ ಚಿತ್ರ ತೆಗೆಸಿಕೊಳ್ಳುವ ತಾಣವಾಗಿ ಕಾಣುವುದು ದೊಡ್ಡ ನಷ್ಟ.

ಇನ್ನು ಮೀನುಗಾರಿಕೆ. ಐವತ್ತು ವರ್ಷಗಳ ಹಿಂದಿನವರೆಗೂ ಈ ದಂಡೆಯನ್ನು ಆಳಿದ್ದು ರಂಪಣಿ ಎಂಬ ಬೃಹತ್ ಬಲೆ. ಬೂತಾಯಿ ಮತ್ತು ಬಂಗುಡೆಯ ಹಿಂಡು ತೀರದ ಸನಿಹ ಬಂದಾಗ ದೋಣಿಯಲ್ಲಿ ಬಲೆಯನ್ನು ಒಯ್ದು ಅರ್ಧವೃತ್ತಾಕಾರವಾಗಿ ಇಳಿಸಿ, ಎರಡೂ ತುದಿಗಳ ಹಗ್ಗವನ್ನು ಹಲವು ಹತ್ತು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಲೆಯೂ ಜಂಟಿ ಒಡೆತನದ್ದು, ಸಿಕ್ಕಿದ್ದೂ ಪಾಲಿನ ಪ್ರಕಾರ ಹಂಚಿಕೆಯಾಗುವಂಥದ್ದು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡನ್ನು ಸುತ್ತುವರಿದು, ಬಲೆಯ ಕೆಳಅಂಚಿನ ಬಳೆಗಳಲ್ಲಿ ಪೋಣಿಸಿದ ಹಗ್ಗವನ್ನು ಜಗ್ಗಿ, ಚೀಲದಂತೆ ಬಾಯಿ ಬಿಗಿಯುವ ಈ ವಿಧಾನವು ಹಿಂಡು ದಡ ಮುಟ್ಟುವ ಮೊದಲೇ ಅದನ್ನು ಹಿಡಿಯತೊಡಗಿದ್ದರಿಂದ, ಕೆಲವೇ ವರ್ಷಗಳಲ್ಲಿ ರಂಪಣಿಯ ಜೊತೆಗೆ ಅದನ್ನು ಎಳೆಯುತ್ತಿದ್ದ ಕೂಟಗಳೂ ಚದುರಿಹೋದವು. ಅದರ ಕಿರಿಯ ರೂಪವಾದ ಕೈರಂಪಣಿಯನ್ನು ಮಾತ್ರ ಇಂದಿಗೂ ಅಲ್ಲಲ್ಲಿ ಎಳೆಯುವುದುಂಟು, ಅಂತಹ ಹೊತ್ತಿನಲ್ಲಿ ದಂಡೆಯಲ್ಲಿರುವುದು ಪ್ರವಾಸಿಗನ ಭಾಗ್ಯವೇ ಸರಿ.

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಳು ಮೊಟ್ಟೆಯಿಡುವ ಕಾಲವೆಂಬ ಕಾರಣಕ್ಕೆ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಯಂತ್ರ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆಗ ದ್ವೀಪದ ಪ್ರಯಾಣವೂ ನಿಲ್ಲುವುದರಿಂದ ರಜೆಗೆ ಅದು ಸಲ್ಲದ ಕಾಲವೆಂದು ತೋರಬಹುದು, ಆದರೆ ಒತ್ತೊತ್ತಾಗಿ ಕಟ್ಟಿಹಾಕಿದ ದೋಣಿಗಳನ್ನೂ ಬಲೆ ಹೆಣೆಯುವ, ಮರಗೆಲಸ ಮಾಡುವ, ಬಣ್ಣ ಬಳಿಯುವ ಕೈಗಳನ್ನೂ ನೋಡಲು ಬೇರೆ ಸಮಯವಿಲ್ಲ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ನಡೆದು, ಮೀನುಗಾರರು ಮೆರವಣಿಗೆಯಲ್ಲಿ ಬಂದು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸುತ್ತಾರೆ. ಮಳೆ ಹಿಂದೆ ಸರಿದ ಮೇಲಿನ ತಿಂಗಳುಗಳು ದ್ವೀಪಕ್ಕೂ ಊಟದ ಬಾಳೆಗೂ ಒಳ್ಳೆಯವು.

ಬೆಳಗಿನ ಹೊತ್ತು ಧಕ್ಕೆಗೆ, ಎಂದರೆ ದೋಣಿಗಳು ಒರಗಿ ನಿಂತು ಮೀನು ಇಳಿಸುವ ಕಟ್ಟೆಗೆ, ಹೋಗುವವರು ಅದು ದುಡಿಮೆಯ ಸ್ಥಳವೆಂಬುದನ್ನು ಮರೆಯದೆ, ಬುಟ್ಟಿ ಹೊತ್ತವರಿಗೆ ದಾರಿ ಬಿಟ್ಟು, ಕೇಳಿಯೇ ಚಿತ್ರ ತೆಗೆಯಬೇಕು. ತುಳುವಿನಲ್ಲಿ ನಡೆಯುವ ಹರಾಜಿನ ಮಾತು ತಿಳಿಯದಿದ್ದರೂ ಬೆಲೆ ಕಟ್ಟುವ ಮಹಿಳೆಯರ ನಿಖರತೆ ತಿಳಿಯುತ್ತದೆ. ಅಲ್ಲಿಯೇ, ಅಥವಾ ಸಮೀಪದಲ್ಲಿ, ರಂಪಣಿಯ ಬಲೆ, ದೋಣಿ, ಹುಟ್ಟುಗಳನ್ನು ಕಾಪಿಟ್ಟು ತೋರಿಸುವ ಸುಸಜ್ಜಿತ ಸಂಗ್ರಹಾಲಯವೊಂದು ನೆಲೆಗೊಳ್ಳಬೇಕು. ಆ ಹಗ್ಗ ಎಳೆದ ಕೊನೆಯ ತಲೆಮಾರಿಗೆ ಈಗ ಎಪ್ಪತ್ತರ ಆಸುಪಾಸು, ಅವರ ಬಾಯಿಂದಲೇ ವಿವರಗಳನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.