ಒಡಲು ಒಬ್ಬರದು, ಮುಖ ಇನ್ನೊಬ್ಬರದು

1898ರಲ್ಲಿ ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೆಸ್ ಎಂಬ ಐಂದ್ರಜಾಲಿಕನು ಒಂದು ಪುಟ್ಟ ಚಲಚ್ಚಿತ್ರವನ್ನು ತಯಾರಿಸಿದನು. ಅದರಲ್ಲಿ ಅವನು ತನ್ನ ತಲೆಯನ್ನು ತಾನೇ ತೆಗೆದು ಮೇಜಿನ ಮೇಲಿಡುತ್ತಾನೆ. ಕೂಡಲೇ ಕತ್ತಿನ ಮೇಲೆ ಮತ್ತೊಂದು ತಲೆ ಮೂಡುತ್ತದೆ! ಇದರ ಯುಕ್ತಿ ಸರಳವಾದುದು. ಕಪ್ಪು ವಸ್ತುವಿನಿಂದ ಬೆಳಕು ಬಾರದಿರುವುದರಿಂದ ಫಿಲ್ಮಿನ ಆ ಭಾಗ ಖಾಲಿಯಾಗಿ ಉಳಿಯುತ್ತದೆ. ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಖಾಲಿ ಉಳಿದ ಜಾಗದಲ್ಲಿ ಮತ್ತೊಂದು ಚಿತ್ರವನ್ನು ಮೂಡಿಸಬಹುದು. ಆದರೆ ಈ ಆಟ ನಡೆಯಬೇಕಾದರೆ ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು.

ಕ್ಯಾಮರಾವೂ ಚಲಿಸುತ್ತ, ತಲೆಯೂ ತಿರುಗುತ್ತ ಇರುವಾಗ ಮುಖವನ್ನು ಬದಲಾಯಿಸುವುದು ಹೇಗೆ? 1993ರಲ್ಲಿ ತೆರೆಗೆ ಬಂದ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಈ ಪ್ರಶ್ನೆ ಎದುರಾಯಿತು. ಕಥೆಯ ಬಾಲಕಿ ಸೂರಿನಿಂದ ಜಾರಿ, ಕೆಳಗೆ ಕಾದಿರುವ ಕ್ರೂರ ಪ್ರಾಣಿಯ ಮೇಲೆ ತೂಗಾಡುವ ದೃಶ್ಯವದು. ಅಪಾಯದ ಈ ಕೆಲಸವನ್ನು ಬಾಲನಟಿಯ ಬದಲು ಸಾಹಸ ಕಲಾವಿದೆಯೊಬ್ಬರು ಮಾಡಿದರು. ಆದರೆ ಅವರು ಒಂದು ಕ್ಷಣ ಮೇಲೆ ನೋಡಿದುದರಿಂದ ಮುಖ ಕಂಡುಬಿಟ್ಟಿತು. ಕಂಪ್ಯೂಟರಿನ ತಜ್ಞರು ಆ ಮುಖದ ಜಾಗದಲ್ಲಿ ಬಾಲನಟಿ ಅರಿಯಾನಾ ರಿಚರ್ಡ್ಸ್ ಅವರ ಮುಖವನ್ನು ಕೂಡಿಸಿದರು.

ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಬಿಡಿಚಿತ್ರಗಳಿರುತ್ತವೆ. ಮೂರೇ ಸೆಕೆಂಡಿನ ದೃಶ್ಯಕ್ಕೆ 72 ಚಿತ್ರಗಳಾದವು. ಹಣೆಯ ಕುಂಕುಮ ಹಣೆಯೊಡನೆಯೇ ಚಲಿಸುವಂತೆ, ಹೊಸ ಮುಖವು ಪ್ರತಿಯೊಂದು ಚಿತ್ರದಲ್ಲಿಯೂ ತಲೆಯೊಡನೆಯೇ ಚಲಿಸಬೇಕು. ತುಸು ಹಿಂದುಮುಂದಾದರೂ ಮುಖವು ತಲೆಯ ಮೇಲೆ ತೇಲುವ ಮುಖವಾಡದಂತೆ ತೋರುತ್ತದೆ. ಆದುದರಿಂದ ಮೊದಲ ಕೆಲಸವೆಂದರೆ ಚಲನೆಯ ಜಾಡನ್ನು ಹಿಡಿಯುವುದು.

ಯಾವ ಗುರುತನ್ನು ಹಿಡಿದು ಜಾಡನ್ನು ಅನುಸರಿಸಬೇಕು? ಇದನ್ನು ಒಂದು ಪ್ರಯೋಗದಿಂದಲೇ ತಿಳಿಯೋಣ. ರಟ್ಟಿನ ತುಂಡಿನಲ್ಲಿ ರೂಪಾಯಿ ನಾಣ್ಯದಷ್ಟು ರಂಧ್ರ ಮಾಡಿ, ಕಾಗದದ ಮೇಲೆ ಎಳೆದ ಉದ್ದನೆಯ ಸರಳರೇಖೆಯ ಮೇಲೆ ಇಡಿರಿ. ಮಿತ್ರನೊಬ್ಬನು ಕಾಗದವನ್ನು ಆ ರೇಖೆಯ ದಿಕ್ಕಿನಲ್ಲಿಯೇ ಸರಿಸಲಿ. ರಂಧ್ರದಲ್ಲಿ ನೋಡುವ ನಿಮಗೆ ರೇಖೆ ಚಲಿಸಿದಂತೆಯೇ ಕಾಣದು! ಈಗ ರೇಖೆಯ ಬದಲು ಎರಡು ರೇಖೆಗಳು ಕೂಡುವ ಮೂಲೆಯನ್ನು ಬರೆಯಿರಿ. ಕಾಗದ ಯಾವ ಕಡೆಗೆ ಸರಿದರೂ ಗೊತ್ತಾಗುತ್ತದೆ. ಕಂಪ್ಯೂಟರಿನ ಪಾಡೂ ಇದೇ. ನುಣುಪಾದ ಕೆನ್ನೆ ಅದಕ್ಕೆ ನಿರುಪಯುಕ್ತ. ಕಣ್ಣಿನ ಮೂಲೆ, ತುಟಿಯ ಅಂಚಿನ ಕೊನೆ, ಒಂದು ಮಚ್ಚೆ, ಇವು ಒಳ್ಳೆಯ ಗುರುತುಗಳು. ಇವು ಸಾಲದಾದಾಗ ನಟರ ಮುಖದ ಮೇಲೆ ಚುಕ್ಕೆಗಳನ್ನು ಇಡುವುದೂ ಉಂಟು. ಒಂದು ಚಿತ್ರದ ಚಿಕ್ಕ ತುಣುಕು ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿದಿದೆಯೆಂದು ಲೆಕ್ಕಹಾಕುವ ಪ್ರಸಿದ್ಧ ವಿಧಾನವೊಂದನ್ನು 1981ರಲ್ಲಿ ಬ್ರೂಸ್ ಲೂಕಾಸ್ ಮತ್ತು ಟಕಿಯೊ ಕನಾಡೆ ಎಂಬ ವಿಜ್ಞಾನಿಗಳು ಪ್ರಕಟಿಸಿದರು.

ತಲೆ ಪಕ್ಕಕ್ಕೆ ತಿರುಗಿದಾಗ ಮುಂದಕ್ಕೆ ಚಾಚಿದ ಮೂಗಿನ ತುದಿ ಕಣ್ಣುಗಳಿಗಿಂತ ಹೆಚ್ಚು ದೂರ ಸರಿಯುತ್ತದೆ. ಇಂತಹ ವ್ಯತ್ಯಾಸಗಳಿಂದ ತಲೆ ಎಷ್ಟು ತಿರುಗಿತು, ಎಷ್ಟು ಬಾಗಿತು ಎಂಬುದನ್ನು ಗಣಿತದಿಂದ ಪಡೆಯಬಹುದು.

ಎರಡನೆಯ ಕೆಲಸ ಸಂಯೋಜನೆ. ಕತ್ತರಿಸಿ ಅಂಟಿಸಿದರೆ ಅಂಚು ಎದ್ದು ಕಾಣುತ್ತದೆ. ಆದಕಾರಣ ಪ್ರತಿಯೊಂದು ಪಿಕ್ಸೆಲಿಗೂ, ಎಂದರೆ ಚಿತ್ರದ ಪ್ರತಿಯೊಂದು ಕಣಕ್ಕೂ, ಒಂದು ಪಾಲನ್ನು ಗೊತ್ತುಮಾಡುತ್ತಾರೆ. ಕೆನ್ನೆಯ ನಡುವೆ ಹೊಸ ಮುಖದ್ದೇ ನೂರಕ್ಕೆ ನೂರು. ಅಂಚಿನ ಬಳಿ 70, ಹಳೆಯದು 30. ಇನ್ನೂ ಆಚೆ 20, 80. ಹೀಗೆ ಒಂದು ಇನ್ನೊಂದರಲ್ಲಿ ಕರಗುತ್ತದೆ. ಇಷ್ಟೇ ಸಾಲದು. ದೃಶ್ಯದಲ್ಲಿ ದೀಪ ಎಡಗಡೆ ಇದ್ದರೆ ಮುಖದ ನೆರಳೂ ಬಲಗಡೆಗೆ ಬೀಳಬೇಕು. ವೇಗದಿಂದ ತಲೆ ಮಸುಕಾದರೆ ಮುಖವೂ ಅಷ್ಟೇ ಮಸುಕಾಗಬೇಕು. ಹಣೆಯ ಮುಂದೆ ಬಂದ ಕೂದಲು ಹೊಸ ಮುಖದ ಮುಂದೆಯೂ ಬರಬೇಕು. ಹುಟ್ಟಿದಂದಿನಿಂದ ಮುಖಗಳನ್ನೇ ನೋಡುತ್ತ ಬೆಳೆದ ನಮ್ಮ ಕಣ್ಣು ಇಲ್ಲಿ ಅತಿ ಕಠಿಣನಾದ ಪರೀಕ್ಷಕ.

ಈ ವಿದ್ಯೆ ಅಗಲಿದ ಕಲಾವಿದರನ್ನೂ ತೆರೆಗೆ ಕರೆತಂದಿದೆ. 1999ರಲ್ಲಿ ‘ಗ್ಲಾಡಿಯೇಟರ್’ ಚಿತ್ರೀಕರಣದ ನಡುವೆ ನಟ ಆಲಿವರ್ ರೀಡ್ ತೀರಿಕೊಂಡಾಗ, ಉಳಿದ ಕೆಲವು ದೃಶ್ಯಗಳಲ್ಲಿ ಬೇರೊಬ್ಬರ ದೇಹಕ್ಕೆ ಅವರ ಮುಖವನ್ನು ಕೂಡಿಸಲಾಯಿತು. 2009ರಲ್ಲಿ ನಮ್ಮನ್ನಗಲಿದ ವಿಷ್ಣುವರ್ಧನ್ ಅವರ ರೂಪವನ್ನು 2016ರ ಕನ್ನಡ ಚಿತ್ರ ‘ನಾಗರಹಾವು’ ಕಂಪ್ಯೂಟರಿನ ನೆರವಿನಿಂದ ಮತ್ತೆ ತೋರಿಸಿತು.

ಕುಶಲಿಗಳು ಬಹುದಿನ ದುಡಿದು ಮಾಡುತ್ತಿದ್ದ ಈ ಕೆಲಸವನ್ನು ಇಂದು ಯಂತ್ರವೇ ಕಲಿತಿದೆ. ಎರಡು ಮುಖಗಳ ಸಾವಿರಾರು ಚಿತ್ರಗಳನ್ನು ನೋಡಿ, ಅದು ಒಬ್ಬರ ನಗು, ನೋಟ, ಭಂಗಿಗಳನ್ನು ಅಂಕಿಗಳಾಗಿ ಮಾರ್ಪಡಿಸಿ, ಆ ಅಂಕಿಗಳಿಂದ ಇನ್ನೊಬ್ಬರ ಮುಖವನ್ನು ಬಿಡಿಸಬಲ್ಲುದು. ಕಷ್ಟವಾಗಿದ್ದುದು ಸುಲಭವಾಯಿತು, ಸುಲಭವಾದುದು ದುಷ್ಟರ ಕೈಗೂ ಎಟುಕಿತು. 2023ರ ನವೆಂಬರಿನಲ್ಲಿ ಮಹಿಳೆಯೊಬ್ಬರ ವಿಡಿಯೊಗೆ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಜೋಡಿಸಿ ಯಾರೋ ಹರಿಯಬಿಟ್ಟರು. ಮುಖ ಯಾರದೋ ಅವರನ್ನು ಕೇಳಿರಲಿಲ್ಲ. ಒಡಲು ಯಾರದೋ ಅವರನ್ನೂ ಕೇಳಿರಲಿಲ್ಲ. ಒಂದೇ ಕೃತ್ಯದಿಂದ ಇಬ್ಬರಿಗೆ ಅನ್ಯಾಯವಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ಅಂಚಿನ ಅಲುಗಾಟ, ಹಲ್ಲುಗಳ ಅಸ್ಪಷ್ಟತೆ, ಹೊಂದದ ನೆರಳು, ಇವುಗಳನ್ನು ಹುಡುಕಬಹುದು. ಆದರೆ ವಿದ್ಯೆ ಬೆಳೆದಂತೆಲ್ಲ ಈ ಕುರುಹುಗಳು ಅಳಿಯುತ್ತಿವೆ. ಕಣ್ಣನ್ನೇ ನಂಬಿ ತೀರ್ಪು ಕೊಡುವ ಕಾಲ ಕಳೆಯಿತು. ಚಿತ್ರ ಎಲ್ಲಿಂದ ಬಂದಿತು, ತೆಗೆದವರು ಯಾರು, ಚಿತ್ರದಲ್ಲಿರುವವರು ಏನೆನ್ನುತ್ತಾರೆ ಎಂದು ವಿಚಾರಿಸಿ ತಿಳಿಯುವವರೆಗೆ ಅದನ್ನು ಇನ್ನೊಬ್ಬರಿಗೆ ಕಳುಹಿಸದಿರುವುದೇ ಲೇಸು. ಮೆಲಿಯೆಸನು ತೆಗೆದು ಮೇಜಿನ ಮೇಲಿಟ್ಟದ್ದು ತನ್ನದೇ ತಲೆಯನ್ನು. ಇನ್ನೊಬ್ಬರ ಮುಖವನ್ನು ಮುಟ್ಟುವ ಮುನ್ನ ಅವರ ಒಪ್ಪಿಗೆ ಬೇಕೆಂಬುದನ್ನು ಯಂತ್ರ ಅರಿಯದು, ನಾವು ಅರಿಯಬೇಕು.