ಕಣ್ಣಿಲ್ಲದ ಕೈಗೆ ಕಾಯಕವನ್ನಿತ್ತ ಗುರು

ಶ್ರಾವಣ ಮಾಸ ಬಂದಿತೆಂದರೆ ರೋಣ ತಾಲೂಕಿನ ಅಬ್ಬಿಗೇರಿಯಂಥ ನಮ್ಮ ಎರೆಸೀಮೆಯ ಊರುಗಳಲ್ಲಿ ಪುರಾಣ ಪ್ರವಚನದ ಸಡಗರ. ಹೊಲದ ಕೆಲಸ ಮುಗಿಸಿ, ಉಂಡು, ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಮಠದ ಅಂಗಳಕ್ಕೆ ಬರುವ ಹೊತ್ತಿಗೆ ವೇದಿಕೆಯ ಮೇಲೆ ಮೂವರು ಕುಳಿತಿರುತ್ತಾರೆ: ಪುರಾಣಿಕರು, ಹಾರ್ಮೋನಿಯಂ ಮುಂದಿಟ್ಟುಕೊಂಡ ಗವಾಯಿಗಳು ಮತ್ತು ತಬಲಾ ವಾದಕರು. ಎಷ್ಟೋ ಸಲ ಆ ಗವಾಯಿಗಳು ಅಂಧರು. ಯಾರೋ ಕೈಹಿಡಿದು ಅವರನ್ನು ಮೆಟ್ಟಿಲು ಹತ್ತಿಸುತ್ತಾರೆ. ಆದರೆ ಒಮ್ಮೆ ಅವರ ಬೆರಳು ಸ್ವರವನ್ನು ಮುಟ್ಟಿತೆಂದರೆ, ಆಮೇಲೆ ಇಡೀ ಸಭೆಯ ಕೈಹಿಡಿದು ನಡೆಸುವವರು ಅವರೇ. "ಯಾವ ಕಡೆಯವರು?" ಎಂದು ವಿಚಾರಿಸಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಗದುಗಿನ ಅಜ್ಜಾರ ಶಿಷ್ಯರು."

ಆ ಅಜ್ಜಾರೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಲಿಂಗೈಕ್ಯ ಪಂಡಿತ ಪುಟ್ಟರಾಜ ಗವಾಯಿಗಳು. ಅವರನ್ನು ನಾವು ಗಾಯಕರೆಂದು, ಕವಿಗಳೆಂದು, ನಡೆದಾಡುವ ದೇವರೆಂದು ಕೊಂಡಾಡುತ್ತೇವೆ. ಆದರೆ ಕಣ್ಣಿಲ್ಲದ ಮಗುವಿಗೆ ಕರುಣೆಯ ತುತ್ತನ್ನಲ್ಲ, ದುಡಿದು ಉಣ್ಣುವ ಕಾಯಕವನ್ನೇ ಕೊಟ್ಟರೆಂಬುದು ಅವರ ಬದುಕಿನ ತಿರುಳು. ಅದನ್ನು ನಮ್ಮ ಮನೆಗಳಲ್ಲಿ ಇನ್ನೊಮ್ಮೆ ನೆನೆಯಬೇಕಾಗಿದೆ.

ಗುರುವಿನ ಗುರು

ಈ ಕಥೆ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಿಂದ ಆರಂಭವಾಗುತ್ತದೆ. 1892ರಲ್ಲಿ ಅಲ್ಲಿ ಜನಿಸಿದ ಗದಿಗೆಯ್ಯ ಎಂಬ ಬಾಲಕನಿಗೂ ಅವನ ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಈ ಮಕ್ಕಳ ಕಂಠದಲ್ಲಿದ್ದ ನಾದವನ್ನು ಗುರುತಿಸಿ, ಅವರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡು ಪಂಚಾಕ್ಷರಿ ಗವಾಯಿಯಾದನು. ಕಲಿತ ವಿದ್ಯೆಯನ್ನು ಅಂಧರಿಗೂ ಅನಾಥರಿಗೂ ಧಾರೆಯೆರೆಯುವುದೇ ಅವರು ಸಲ್ಲಿಸಿದ ಗುರುಕಾಣಿಕೆ. ನೆಲೆಯಿಲ್ಲದ ಪಾಠಶಾಲೆ, ಶಿಷ್ಯರನ್ನು ಕಟ್ಟಿಕೊಂಡು ಊರೂರು ಅಲೆದರು, ಹಸಿದರು, ಹಾಡಿದರು. ಕೊನೆಗೆ ಗದುಗಿನಲ್ಲಿ ಆಶ್ರಮ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಹೊಣೆಯೆಲ್ಲವೂ ಮೂವತ್ತರ ಹರೆಯದ ಅಂಧ ಶಿಷ್ಯರೊಬ್ಬರ ಹೆಗಲೇರಿತು.

ದೇವಗಿರಿಯ ಬಾಲಕ

ಆ ಶಿಷ್ಯರೇ ಪುಟ್ಟರಾಜರು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನನ. ಎಳವೆಯಲ್ಲಿಯೇ ಕಣ್ಣು ಹೋದವು, ತಂದೆಯೂ ತೀರಿಹೋದರು. ಸೋದರಮಾವನ ಆಸರೆಯಲ್ಲಿ ಬೆಳೆಯುತ್ತಿದ್ದ ಮಗು ಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತಿತ್ತು. ಅದನ್ನು ಆಟವೆಂದು ತಳ್ಳಿಹಾಕದೆ, ಮಗುವನ್ನು ಪಂಚಾಕ್ಷರಿ ಗವಾಯಿಗಳ ಮಡಿಲಿಗೆ ಒಪ್ಪಿಸಿದ್ದು ಆ ಮಾವನ ದೊಡ್ಡತನ. ಅಂದು ಅವರು "ಕುರುಡು ಕೂಸು, ಮೂಲೆಯಲ್ಲಿ ಕೂತಿರಲಿ" ಎಂದಿದ್ದರೆ ನಾಡು ಏನನ್ನು ಕಳೆದುಕೊಳ್ಳುತ್ತಿತ್ತು!

ಪುಟ್ಟರಾಜರು ಗಾಯನದೊಡನೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳನ್ನು ವಶಪಡಿಸಿಕೊಂಡರು. ಇವುಗಳಲ್ಲಿ ಹಾರ್ಮೋನಿಯಂ ಮತ್ತು ಪಿಟೀಲು ಯುರೋಪಿನಿಂದ ಬಂದವು. ಆದರೂ ನಮ್ಮ ಮಠಗಳ ಅಂಗಳದಲ್ಲಿ ಕುಳಿತು ನಮ್ಮವೇ ಆದವು. ಪಿಟೀಲಿನ ಕುತ್ತಿಗೆಯ ಮೇಲೆ ಸ್ವರಸ್ಥಾನವನ್ನು ತೋರಿಸುವ ಮೆಟ್ಟಿಲುಗಳಿಲ್ಲ. ಕಣ್ಣುಳ್ಳವನೂ ಅಲ್ಲಿ ಕಿವಿಯಿಂದಲೇ ಸ್ವರವನ್ನು ಹುಡುಕಬೇಕು. ತಬಲೆಯ ಬೋಲುಗಳನ್ನು ಮೊದಲು ಬಾಯಲ್ಲಿ ನುಡಿದು, ಆಮೇಲೆ ಕೈಗೆ ಇಳಿಸಬೇಕು. ಗುರುವಿನ ಬಾಯಿ, ಶಿಷ್ಯನ ಕಿವಿ, ಬೆರಳಿನ ನೆನಪು, ಇವಿಷ್ಟೇ ಅಲ್ಲಿಯ ಪುಸ್ತಕ. ಈ ವಿದ್ಯೆಯಲ್ಲಿ ಅಂಧನು ಯಾರಿಗೂ ಹಿಂದಾಗಬೇಕಿಲ್ಲ ಎಂಬುದನ್ನು ಆಶ್ರಮವು ತಲೆಮಾರುಗಳಿಂದ ತೋರಿಸುತ್ತ ಬಂದಿದೆ.

ದಾಸೋಹಕ್ಕೆ ದುಡಿದ ರಂಗಭೂಮಿ

ನೂರಾರು ಮಕ್ಕಳಿಗೆ ನಿತ್ಯ ಅನ್ನ, ಅರಿವೆ, ವಿದ್ಯೆ ಒದಗಿಸುವುದು ಹೇಗೆ? ಪುಟ್ಟರಾಜರು ಕೈಚಾಚಿ ಕೂಡಲಿಲ್ಲ. ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಕಂಪನಿ ನಡೆಸಿದರು. ತಾವೇ ನಾಟಕ ಬರೆದರು, ರಾಗ ಸಂಯೋಜಿಸಿದರು. ಶರಣರ ಕಥೆಗಳು ರಂಗದ ಮೇಲೆ ಬಂದವು. ಟಿಕೇಟಿನ ಹಣ ಆಶ್ರಮದ ಒಲೆಗೆ ಸೌದೆಯಾಯಿತು. ಮುಂದೆ ಭಕ್ತರು ಊರೂರಲ್ಲಿ ಅವರ ತುಲಾಭಾರ ನೆರವೇರಿಸಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು, ಇನ್ನೊಂದರಲ್ಲಿ ಬಂದ ಕಾಣಿಕೆಯೆಲ್ಲ ಮಕ್ಕಳ ದಾಸೋಹಕ್ಕೆ. ಕಾಯಕ ಮತ್ತು ದಾಸೋಹವೆಂದು ಶರಣರು ಸಾರಿದ ತತ್ತ್ವಗಳು ಇಲ್ಲಿ ಉಪನ್ಯಾಸದ ಮಾತಾಗಿ ಉಳಿಯದೆ ದಿನದ ಅಡುಗೆಯಾದವು.

ಇದರ ನಡುವೆಯೇ ಅವರು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥ ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು, ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರ ಅವರಂಥವರು ದೇಶದ ಉದ್ದಗಲಕ್ಕೂ ಆಶ್ರಮದ ಕೀರ್ತಿಯನ್ನು ಹಬ್ಬಿಸಿದರು. ಭಾರತ ಸರ್ಕಾರವು 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣವಿತ್ತು ಗೌರವಿಸಿತು. ಅದೇ ವರ್ಷ ಸೆಪ್ಟೆಂಬರ್ 17ರಂದು, ತೊಂಬತ್ತಾರರ ಪಕ್ವ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು.

ಕಡಲಾಚೆಯ ಒಂದು ನಿದರ್ಶನ

ಇದು ನಮ್ಮ ನಾಡಿಗಷ್ಟೇ ಸೀಮಿತವಾದ ಮಾತಲ್ಲ. ಪುಟ್ಟರಾಜರಿಗಿಂತ ಐದು ವರ್ಷ ಕಿರಿಯರಾದ ಜಾರ್ಜ್ ಶಿಯರಿಂಗ್ ಎಂಬವರು 1919ರಲ್ಲಿ ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಹುಟ್ಟುಗುರುಡರಾಗಿ ಜನಿಸಿದರು. ಅಂಧರ ಶಾಲೆಯಲ್ಲಿ ಪಿಯಾನೋ ಕಲಿತು, ಪಾನಗೃಹದಲ್ಲಿ ನುಡಿಸಿ ಹೊಟ್ಟೆ ಹೊರೆದರು. ಅಂಧರೇ ಕೂಡಿದ್ದ ವಾದ್ಯವೃಂದವೊಂದರಲ್ಲಿಯೂ ನುಡಿಸಿದರು. ಆಮೇಲೆ ಅಮೆರಿಕಕ್ಕೆ ತೆರಳಿ, ಜಾಜ್ ಎಂಬ ಅಲ್ಲಿಯ ಸಂಗೀತದಲ್ಲಿ ಲೋಕಖ್ಯಾತರಾದರು. ಬ್ರಿಟನ್ನಿನ ರಾಣಿ 2007ರಲ್ಲಿ ಅವರಿಗೆ ಸರ್ ಪದವಿಯನ್ನಿತ್ತರು. 2011ರ ಫೆಬ್ರವರಿಯಲ್ಲಿ, ನಮ್ಮ ಅಜ್ಜಾರು ಅಗಲಿದ ಐದೇ ತಿಂಗಳಿಗೆ, ಅವರೂ ತೀರಿಕೊಂಡರು. ಒಬ್ಬರದು ಭೋಗದ ನಾಡಿನ ರಂಗಮಂಚ, ಇನ್ನೊಬ್ಬರದು ಕಾವಿಯ ಗದ್ದುಗೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಆದರೆ ಸಕಾಲದಲ್ಲಿ ಒಂದು ವಾದ್ಯವೂ ಒಬ್ಬ ಗುರುವೂ ದೊರೆತರೆ ಕಣ್ಣಿಲ್ಲದ ಮಗು ಎಲ್ಲಿಗೆ ತಲುಪಬಲ್ಲದೆಂಬುದಕ್ಕೆ ಇಬ್ಬರೂ ಸಾಕ್ಷಿ.

ನಮ್ಮ ಮನೆಯ ಮಾತು

ಇಂದಿಗೂ ಕೆಲವು ಮನೆಗಳಲ್ಲಿ ದೃಷ್ಟಿಯಿಲ್ಲದ ಮಗುವನ್ನು ನೆಂಟರು ಬಂದಾಗ ಒಳಕೋಣೆಗೆ ಕಳಿಸುವುದುಂಟು. "ಯಾವ ಜನ್ಮದ ಕರ್ಮವೋ" ಎಂದು ತಾಯಿ ಕಣ್ಣೀರಿಡುವುದುಂಟು. ತಾಯಂದಿರೇ, ಕಣ್ಣೀರು ಮಗುವಿನ ದಾರಿಯನ್ನು ತೋರಿಸಲಾರದು. ಬೇಗನೆ ವೈದ್ಯರಿಗೆ ತೋರಿಸಿ. ದೃಷ್ಟಿ ಬರದೆಂದು ತಿಳಿದರೆ ತಡಮಾಡದೆ ಶಾಲೆಗೆ ಸೇರಿಸಿ. ಅಂಧರೆಲ್ಲರೂ ಗವಾಯಿಗಳೇ ಆಗಬೇಕೆಂದಿಲ್ಲ. ಕೆಲವರಿಗೆ ಸ್ವರ ಒಲಿಯುತ್ತದೆ, ಕೆಲವರಿಗೆ ಲೆಕ್ಕ, ಕೆಲವರಿಗೆ ಮಾತು. ಇಂದು ಬ್ರೈಲ್ ಇದೆ, ಓದಿ ಹೇಳುವ ಕಂಪ್ಯೂಟರುಗಳಿವೆ. ಮಗುವಿನ ಒಲವನ್ನು ಗುರುತಿಸಿದ ದೇವಗಿರಿಯ ಆ ಸೋದರಮಾವನಂಥ ಒಬ್ಬರು ಮನೆಯಲ್ಲಿದ್ದರೆ ಸಾಕು.

ಮುಂದಿನ ಶ್ರಾವಣದಲ್ಲಿ ಪುರಾಣದ ಮಂಗಲವಾಗಿ ಗವಾಯಿಗಳಿಗೆ ಶಾಲು ಹೊದಿಸಿ ಸಂಭಾವನೆಯನ್ನು ಕೈಗಿಡುವಾಗ ಒಂದು ಮಾತು ನೆನಪಿರಲಿ: ನಾವು ಕೊಡುತ್ತಿರುವುದು ಭಿಕ್ಷೆಯಲ್ಲ, ಅವರ ಕಾಯಕದ ಫಲ. ಹಾಗೆಂದು ತಲೆಯೆತ್ತಿ ಸ್ವೀಕರಿಸುವುದನ್ನು ಅವರಿಗೆ ಕಲಿಸಿದ್ದೇ ಗದುಗಿನ ಗುರುಗಳ ಮಹಾದಾನ.