ಗುಡ್ಡದಾಚೆ ಏನಿದೆ?

ಮೊನ್ನೆ ಮಗ ತನ್ನ ಬಾಲ್ಯದ ಕಂಪ್ಯೂಟರ್ ಆಟವೊಂದನ್ನು ಮೊಮ್ಮಗನಿಗೆ ತೋರಿಸಿದ. 1998ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಮೋಟೋಕ್ರಾಸ್ ಮ್ಯಾಡ್‌ನೆಸ್’. ಡಾಂಬರು ರಸ್ತೆಯಿಲ್ಲ, ಮಣ್ಣಿನ ದಿಬ್ಬಗಳ ಮೇಲೆ ಬೈಕ್ ಹಾರಿಸುವುದೇ ಪಂದ್ಯ.

ಬಯಲಿನ ಅಂಚಿಗೆ ಕಡಿದಾದ ಗುಡ್ಡ. ಕಷ್ಟಪಟ್ಟು ಹತ್ತಿ ಆಚೆ ಹೋದರೆ, ಕಣ್ಣಿಗೆ ಕಾಣದ ಕವಣೆಯೊಂದು ಸವಾರನನ್ನು ಎತ್ತಿ ಮತ್ತೆ ಬಯಲಿಗೇ ಬೀಸಿ ಎಸೆಯುತ್ತದೆ! ಆಟದ ಲೋಕ ಅಲ್ಲಿಗೇ ಮುಗಿಯಿತು ಎಂದರ್ಥ. ಮೊಮ್ಮಗ ಬಿದ್ದುಬಿದ್ದು ನಕ್ಕ.

ಅಂದು ಮಗ “ಅಪ್ಪಾ, ಒಂದ್ಸಲ ಬಂದು ನೋಡಿ” ಎಂದು ಕರೆದಾಗ, “ಓದ್ಕೋ ಹೋಗು” ಎಂದು ಗದರಿದ್ದೆ. ಈ ಸಲ ಮೊಮ್ಮಗ “ತಾತಾ, ನೀವೂ ಹತ್ತಿಸಿ” ಎಂದ. ಮೂರು ಸಲ ಉರುಳಿಬಿದ್ದೆ. ನಾಲ್ಕನೇ ಸಲ ಹತ್ತಿದೆ. ಕವಣೆ ನನ್ನನ್ನೂ ಎಸೆಯಿತು! ಮಗನೂ ನಕ್ಕ.

ಅಂದು ಕರೆದಾಗಲೇ ಹೋಗಬೇಕಿತ್ತು. ಅಜ್ಜಂದಿರೇ, ಮಕ್ಕಳು ಕರೆದರೆ ಐದು ನಿಮಿಷ ಎದ್ದು ಹೋಗಿ.